ಬಿಸಿಯಾದ ಮೇಲೆ ಮಿಸ್ ಹೊಡೆಯುವ ಅಂಬಾಸಿಡರ್, ಪದ್ಮಿನಿ ಎಂಜಿನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಸ್ ಹೊಡೆಯುವುದೆಂದರೆ ಒಂದೋ ಹೆಚ್ಚೋ ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು. ಈ ಪುಟದಲ್ಲಿರುವ ವಿಷಯ ಮುಖ್ಯವಾಗಿ ಎರಡು ಕಾರುಗಳಿಗೆ ಸಂಬಂಧಿಸಿದ್ದು. ಒಂದು, ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಆಧಾರದ ಮೇಲೆ ಉತ್ತರಪಾರದಲ್ಲಿ ತಯಾರಾಗುತ್ತಿದ್ದ, 1489 ಸಿಸಿ ಬಿ ಸರಣಿಯ ಪೆಟ್ರೋಲ್ ಎಂಜಿನ್ ಇರುವ ಅಂಬಾಸಿಡರ್. ಇನ್ನೊಂದು, 1964ರಿಂದ ಮುಂಬಯಿಯಲ್ಲಿ ತಯಾರಾದ ಫಿಯೆಟ್ 1100ಡಿ ಮತ್ತು ಅದೇ ಮುಂದೆ ಪ್ರೀಮಿಯರ್ ಪದ್ಮಿನಿ ಎಂದಾದ 1089 ಸಿಸಿ ಕಾರು. ಇಸುಝು ಎಂಜಿನ್‌ನ ಅಂಬಾಸಿಡರ್ ಹಾಗೂ ಡೀಸೆಲ್ ಮಾದರಿಗಳ ಮಾತು ಬೇರೆ, ಅವು ಇಲ್ಲಿಲ್ಲ. ಪಾಯಿಂಟ್ (ಕಿಡಿ ಹಾರಿಸಲು ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್), ಅದರ ಜೊತೆಗಿರುವ ಕಂಡೆನ್ಸರ್, ಕಾರ್ಬುರೇಟರ್ (ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗ) ಇರುವ ಇತರ ಹಳೆಯ ಕಾರುಗಳಿಗೂ ಕೆಳಗಿನ ಬಹುಪಾಲು ಉತ್ತರಗಳು ಅನ್ವಯಿಸುತ್ತವೆ.

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ ಚೆನ್ನಾಗಿ ಓಡುವ ಎಂಜಿನ್, ಅರ್ಧ ಗಂಟೆಯ ನಂತರ ಮಿಸ್ ಹೊಡೆಯಲು ಕಾರಣವೇನು?

ಎಂಜಿನ್ ಬಿಸಿಯಾದಾಗ ಅದರ ಸುತ್ತಮುತ್ತ ನಾಲ್ಕು ಬಗೆಯ ಬದಲಾವಣೆಗಳಾಗುತ್ತವೆ. ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಉಂಟುಮಾಡುವ ಕಾಯಿಲ್ ಮತ್ತು ಕಂಡೆನ್ಸರ್‌ಗಳ ಒಳಗಿನ ಇನ್ಸುಲೇಶನ್ ಹಳೆಯದಾಗಿದ್ದರೆ ಶಾಖಕ್ಕೆ ಸೋಲುತ್ತದೆ. ಪೈಪು, ಪಂಪು ಮತ್ತು ಫ್ಲೋಟ್ ಚೇಂಬರ್ (ಕಾರ್ಬುರೇಟರ್‌ನ ಪೆಟ್ರೋಲ್ ತೊಟ್ಟಿ) ಇವುಗಳಲ್ಲಿರುವ ಪೆಟ್ರೋಲ್ ಆವಿಯಾಗತೊಡಗುತ್ತದೆ. ಲೋಹದ ಭಾಗಗಳು ಹಿಗ್ಗುವುದರಿಂದ ವಾಲ್ವ್‌ಗಳ ಸಂದು, ಮ್ಯಾನಿಫೋಲ್ಡ್‌ನ (ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ, ಹೊಗೆ ಹೊರತರುವ ಕೊಳವೆಗಳ) ಜೋಡಣೆ ಮುಂತಾದ ಅಳತೆಗಳು ಬದಲಾಗುತ್ತವೆ. ಕೊನೆಯದಾಗಿ, ಚೋಕ್ ಹಿಂದಕ್ಕೆ ಹೋದೊಡನೆ ಎಂಜಿನ್‌ಗೆ ಸಿಗುತ್ತಿದ್ದ ಹೆಚ್ಚುವರಿ ಪೆಟ್ರೋಲ್ ನಿಂತು, ಅಲ್ಲಿಯವರೆಗೆ ಅದು ಮುಚ್ಚಿಟ್ಟಿದ್ದ ಗಾಳಿ ಸೋರಿಕೆ ಬಯಲಾಗುತ್ತದೆ. ಈ ನಾಲ್ಕನೆಯ ಕಾರಣವನ್ನು ಬಹಳಷ್ಟು ಜನ ಮರೆಯುತ್ತಾರೆ. ಚೋಕ್ ಒಳಕ್ಕೆ ತಳ್ಳಿದ ಎರಡು ಮೂರು ನಿಮಿಷದಲ್ಲೇ ತೊಂದರೆ ಶುರುವಾದರೆ ಅದನ್ನು ಶಾಖದ ದೋಷ ಎನ್ನುವುದಕ್ಕಿಂತ ಮಿಶ್ರಣದ ದೋಷ ಎನ್ನುವುದೇ ಸರಿ. ಇಪ್ಪತ್ತು ಮೂವತ್ತು ನಿಮಿಷ ಓಡಿದ ಮೇಲೆ ಕಾಣಿಸಿಕೊಂಡರೆ ಉಳಿದ ಮೂರರ ಕಡೆಗೆ ಗಮನ ಹರಿಸಬೇಕು.

ದೋಷ ಕರೆಂಟಿನದೋ ಪೆಟ್ರೋಲಿನದೋ ಎಂದು ಮೊದಲೇ ತಿಳಿಯಲು ಸಾಧ್ಯವೇ?

ಬಹುಮಟ್ಟಿಗೆ ಸಾಧ್ಯ, ಮತ್ತು ಏನನ್ನಾದರೂ ಬಿಚ್ಚುವ ಮುನ್ನ ಇದನ್ನು ತೀರ್ಮಾನಿಸಿಕೊಳ್ಳುವುದೇ ಒಳ್ಳೆಯದು. ಸ್ವಿಚ್ ಆಫ್ ಮಾಡಿದಂತೆ ಎಂಜಿನ್ ಒಮ್ಮೆಲೇ ಸತ್ತು, ಕ್ಷಣದಲ್ಲಿ ಮತ್ತೆ ಹತ್ತಿಕೊಂಡು, ಜರ್ಕ್ ಹೊಡೆಯುತ್ತ ಸಾಗಿದರೆ ಅದು ಸಾಮಾನ್ಯವಾಗಿ ಕರೆಂಟಿನ ದೋಷ. ಸೈಲೆನ್ಸರ್‌ನಲ್ಲಿ ಪಟ್ ಪಟ್ ಎಂಬ ಶಬ್ದ ಜೊತೆಗಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ. ಸಿಲಿಂಡರ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಅಲ್ಲಿ ಉರಿಯುತ್ತಿರುತ್ತದೆ. ಇದಕ್ಕೆ ಬದಲಾಗಿ ಶಕ್ತಿ ನಿಧಾನವಾಗಿ ಕುಗ್ಗುತ್ತ ಬಂದು, ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಸೋತು, ಕಾಲು ಹಿಂದಕ್ಕೆ ತೆಗೆದಾಗ ಸ್ವಲ್ಪ ಚೇತರಿಸಿಕೊಂಡರೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲವೆಂದು ತಿಳಿಯಬೇಕು. ಕಾರ್ಬುರೇಟರ್‌ನ ಬಾಯಿಯಿಂದ ಸೀನಿದಂತೆ ಶಬ್ದ ಬಂದರೆ ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕಪ್ಪು ಹೊಗೆ ಮತ್ತು ಹಸಿ ಪೆಟ್ರೋಲಿನ ವಾಸನೆ ಬಂದರೆ ದಪ್ಪವಾಗಿದೆ.

ಗಾಡಿ ಪೂರ್ತಿ ನಿಂತೇ ಹೋದರೆ ಆ ಕ್ಷಣವನ್ನು ವ್ಯರ್ಥ ಮಾಡಬಾರದು. ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್‌ನಿಂದ ಕಾಯಿಲ್‌ನ ಮೇನ್ ವಯರನ್ನು ಬಿಡಿಸಿ, ಇನ್ಸುಲೇಶನ್ ಇರುವ ಕಟಿಂಗ್ ಪ್ಲೇಯರ್‌ನಿಂದ ಅದರ ತುದಿಯನ್ನು ಬ್ಲಾಕ್‌ನಿಂದ ಸುಮಾರು 6 ಮಿ.ಮೀ. ದೂರದಲ್ಲಿ, ಪೆಟ್ರೋಲ್ ಪೈಪು ಮತ್ತು ಕಾರ್ಬುರೇಟರ್‌ಗಳಿಂದ ಆಚೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಬೇಕು. ನೀಲಿ ಬಣ್ಣದ, ಚಟ್ ಚಟ್ ಎನ್ನುವ ಕಿಡಿ ತಪ್ಪದೆ ಹಾರಿದರೆ ಕಾಯಿಲ್, ಪಾಯಿಂಟ್ ಮತ್ತು ಕಂಡೆನ್ಸರ್‌ಗಳು ಆ ಹೊತ್ತಿಗೆ ನಿರಪರಾಧಿಗಳು. ಹಳದಿ ಬಣ್ಣದ ತೆಳ್ಳನೆಯ ಕಿಡಿ, ಅಥವಾ ಕಿಡಿಯೇ ಇಲ್ಲದಿರುವುದು, ಹುಡುಕಾಟವನ್ನು ಅಲ್ಲಿಗೇ ಸೀಮಿತಗೊಳಿಸುತ್ತದೆ. ಪೆಟ್ರೋಲಿನ ಪರೀಕ್ಷೆ ಇನ್ನೂ ಸುಲಭ: ಆಕ್ಸಿಲರೇಟರ್ ಪಂಪ್ ಇರುವ ಸೋಲೆಕ್ಸ್ ಕಾರ್ಬುರೇಟರ್‌ನಲ್ಲಿ ಏರ್ ಫಿಲ್ಟರ್ ತೆಗೆದು, ಎಂಜಿನ್ ನಿಂತಿರುವಾಗಲೇ ಥ್ರಾಟಲ್ ಲಿವರನ್ನು ಕೈಯಿಂದ ಒಮ್ಮೆ ತಿರುಗಿಸಿದರೆ ಒಳಗೆ ಪೆಟ್ರೋಲ್ ಚಿಮ್ಮುವುದು ಕಾಣಬೇಕು. ಚಿಮ್ಮದಿದ್ದರೆ ಫ್ಲೋಟ್ ಚೇಂಬರ್ ಬರಿದಾಗಿದೆ ಎಂದರ್ಥ.

ಗ್ಯಾರೇಜ್ ತಲಪುವಷ್ಟರಲ್ಲಿ ಎಲ್ಲವೂ ಸರಿಹೋಗಿರುತ್ತದೆ. ಮೆಕ್ಯಾನಿಕ್‌ಗೆ ಏನೆಂದು ಹೇಳಬೇಕು?

ಬಿಸಿಯಾದಾಗ ಮಾತ್ರ ಕಾಣುವ ದೋಷವನ್ನು ಬಿಸಿಯಾಗಿರುವಾಗಲೇ ಹಿಡಿಯಬೇಕು. ತಣ್ಣಗಾದ ಎಂಜಿನ್‌ನ ಮೇಲೆ ನಡೆಸುವ ಯಾವ ತಪಾಸಣೆಯೂ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಸಂಜೆ ಬರುತ್ತೇನೆಂದು ಹೊರಟರೆ, ಸಂಜೆಗೆ ಸಿಗುವುದು ಹೊಸ ಪ್ಲಗ್ ಸೆಟ್ಟು, ತೊಳೆದ ಕಾರ್ಬುರೇಟರ್ ಮತ್ತು ಮೊದಲಿದ್ದ ದೋಷವೇ. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತೊಂದರೆ ಕಾಣಿಸುವವರೆಗೆ ಓಡಿಸಿ, ಅಲ್ಲೇ ಬಾನೆಟ್ ತೆರೆಯುವುದು ಉತ್ತಮ. ಅದು ಆಗದಿದ್ದರೆ ಎಷ್ಟು ಹೊತ್ತಿನ ಓಟದ ನಂತರ, ಯಾವ ಗೇರಿನಲ್ಲಿ, ಏರಿನಲ್ಲೋ ಸಿಗ್ನಲ್‌ನಲ್ಲೋ, ಟ್ಯಾಂಕ್‌ನಲ್ಲಿ ಎಷ್ಟು ಪೆಟ್ರೋಲ್ ಇದ್ದಾಗ ತೊಂದರೆಯಾಯಿತು, ಎಷ್ಟು ನಿಮಿಷ ನಿಲ್ಲಿಸಿದ ಮೇಲೆ ಸರಿಹೋಯಿತು ಎಂಬುದನ್ನು ಬರೆದುಕೊಂಡು ಹೋಗಬೇಕು. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ ಎಂದು ವಿನಂತಿಸಿಕೊಳ್ಳುವುದೂ ಮುಖ್ಯ. ಐದು ಭಾಗಗಳನ್ನು ಒಟ್ಟಿಗೆ ಬದಲಿಸಿದಾಗ ಗಾಡಿ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂಬುದು ಗೊತ್ತಾಗುವುದಿಲ್ಲ, ಮತ್ತು ಹೊಸ ಭಾಗವೊಂದೇ ಕೆಟ್ಟದ್ದಾಗಿದ್ದರೆ ಗೊಂದಲ ದುಪ್ಪಟ್ಟಾಗುತ್ತದೆ.

ಕಾಯಿಲ್ ಕೆಟ್ಟಿದೆಯೇ ಎಂದು ಹೇಗೆ ಪರೀಕ್ಷಿಸುವುದು? ಅದು ಬಿಸಿಯಾಗುವುದು ಸಹಜವಲ್ಲವೇ?

ಸಹಜವೇ. ಆರೋಗ್ಯವಾಗಿರುವ ಕಾಯಿಲ್ ಸಹ ಕೈಯಿಟ್ಟು ಹಿಡಿಯಲಾಗದಷ್ಟು ಬೆಚ್ಚಗಾಗಬಹುದು. ಬಾಲಾಸ್ಟ್ (ಕಾಯಿಲ್‌ನ ಕರೆಂಟನ್ನು ಮಿತಿಗೊಳಿಸುವ ರೆಸಿಸ್ಟರ್) ಬೇಡದ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ತಣ್ಣಗಿರುವಾಗ ಸುಮಾರು 3 ಓಮ್ ಇರುತ್ತದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಏರುವುದರಿಂದ, 60 ಡಿಗ್ರಿ ಹೆಚ್ಚು ಬಿಸಿಯಾದಾಗ ಅದೇ ಕಾಯಿಲ್ 3.7 ಓಮ್ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಮೀಟರಿನಲ್ಲಿ ಅಳತೆ ಕುಣಿದಾಡುತ್ತಿದ್ದರೆ, ತಣ್ಣಗಿದ್ದಾಗಿನದಕ್ಕಿಂತ ಕಡಿಮೆಯಾದರೆ, ಅಥವಾ ಸೆಕೆಂಡರಿ ಸುತ್ತು ಬಿಸಿಯಲ್ಲಿ ತುಂಡಾದಂತೆ ತೋರಿದರೆ ಆ ಕಾಯಿಲ್ ಹೋಯಿತೆಂದು ತಿಳಿಯಬಹುದು.

ಆದರೆ ಮೀಟರ್ ಎಲ್ಲವನ್ನೂ ಹೇಳುವುದಿಲ್ಲ. ಅದು ಅಳೆಯುವುದು ಕೆಲವೇ ವೋಲ್ಟ್‌ಗಳಲ್ಲಿ. ಇನ್ಸುಲೇಶನ್ ಸೋಲುವುದು ಸಾವಿರಾರು ವೋಲ್ಟ್‌ಗಳಲ್ಲಿ. ಆದ್ದರಿಂದ ಸರಿಯಾಗಿದೆಯೆಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಕಾಯಿಲನ್ನು, ದೋಷ ಕಾಣಿಸಿಕೊಂಡ ಹೊತ್ತಿನಲ್ಲೇ ರಸ್ತೆಯ ಬದಿಯಲ್ಲಿ ಜೋಡಿಸಿ ನೋಡುವುದಕ್ಕಿಂತ ನಂಬಿಕೆಯ ಪರೀಕ್ಷೆ ಬೇರೊಂದಿಲ್ಲ. ಎರಡು ಸಣ್ಣ ವಯರ್, ಒಂದು ಮೇನ್ ವಯರ್. ಐದು ನಿಮಿಷದ ಕೆಲಸ.

ಕಾಯಿಲ್ ಪದೇ ಪದೇ ಸುಡುತ್ತಿದ್ದರೆ ಕಾಯಿಲನ್ನು ದೂರುವ ಮುನ್ನ ಅದರ ಮೇಲೆ ಬರೆದಿರುವುದನ್ನು ಓದಬೇಕು. ಬಾಲಾಸ್ಟ್ ರೆಸಿಸ್ಟರ್‌ನೊಂದಿಗೆ ಬಳಸಬೇಕಾದ 1.5 ಓಮ್‌ನ ಕಾಯಿಲನ್ನು ನೇರವಾಗಿ 12 ವೋಲ್ಟ್‌ಗೆ ಕೊಟ್ಟಿರುವ ಕಾರುಗಳು ಸಾಕಷ್ಟಿವೆ. ಅದರಲ್ಲಿ ಎರಡು ಪಟ್ಟು ಕರೆಂಟ್ ಹರಿಯುತ್ತದೆ, ಕಾಯಿಲ್ ಕುದಿಯುತ್ತದೆ, ಪಾಯಿಂಟ್‌ಗಳೂ ಸುಡುತ್ತವೆ. ಎಂಜಿನ್ ಆಫ್ ಆಗಿದ್ದು ಸ್ವಿಚ್ ಆನ್ ಇರುವಂತೆ ರೇಡಿಯೊ ಕೇಳುತ್ತ ಕೂರುವುದೂ, ಪಾಯಿಂಟ್‌ಗಳು ಮುಚ್ಚಿರುವ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ, ಕಾಯಿಲ್‌ಗೆ ಅಷ್ಟೇ ಹಾನಿಕರ.

ಕಂಡೆನ್ಸರ್ ಮೇಲೆ ಎಲ್ಲರೂ ಅನುಮಾನಪಡುತ್ತಾರೆ. ಅಷ್ಟು ಚಿಕ್ಕ ಭಾಗ ನಿಜಕ್ಕೂ ಎಂಜಿನ್ ನಿಲ್ಲಿಸಬಲ್ಲುದೇ?

ಖಂಡಿತ ನಿಲ್ಲಿಸಬಲ್ಲುದು. ಬೆರಳಿನ ತುದಿಯಷ್ಟಿರುವ, ಸುಮಾರು 0.2 ಮೈಕ್ರೊಫ್ಯಾರಡ್‌ನ ಈ ಡಬ್ಬಿಯ ಕೆಲಸ, ಪಾಯಿಂಟ್‌ಗಳು ಬಿಚ್ಚಿಕೊಳ್ಳುವ ಕ್ಷಣದಲ್ಲಿ ಕರೆಂಟನ್ನು ತನ್ನೊಳಗೆ ಎಳೆದುಕೊಂಡು, ಕಾಯಿಲ್‌ನ ಕಾಂತಕ್ಷೇತ್ರ ಒಮ್ಮೆಲೇ ಕುಸಿಯುವಂತೆ ಮಾಡುವುದು. ಆ ಕುಸಿತ ನಿಧಾನವಾದರೆ ಪ್ಲಗ್‌ನಲ್ಲಿ ಕಿಡಿ ದುರ್ಬಲವಾಗುತ್ತದೆ. ಒಳಗಿನ ಪದರಗಳಾಗಲಿ ಬೆಸುಗೆಯಾಗಲಿ ಬಿಸಿಗೆ ಹಿಗ್ಗಿ ಸಂಪರ್ಕ ಕಳೆದುಕೊಂಡಾಗ ಎಂಜಿನ್ ಮಿಸ್ ಹೊಡೆದು ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಗುರುತು ಹಿಡಿಯಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ತೆಗೆದು, ಸ್ವಿಚ್ ಆನ್ ಮಾಡಿ, ಪಾಯಿಂಟ್‌ಗಳು ಮುಚ್ಚಿರುವಂತೆ ಎಂಜಿನ್ ತಿರುಗಿಸಿಟ್ಟು, ಮರದ ಕಡ್ಡಿಯಿಂದ ಪಾಯಿಂಟನ್ನು ಬಿಡಿಸಿ ನೋಡಿರಿ. ಸಣ್ಣ ಕಿಡಿ ಸಹಜ. ದಪ್ಪನಾದ ನೀಲಿ ಕಿಡಿ ಪ್ರತಿ ಸಲವೂ ಹಾರಿ, ಪಾಯಿಂಟ್‌ನ ಮುಖಗಳು ಸುಟ್ಟು ನೀಲಿಗಟ್ಟಿದ್ದರೆ ಕಂಡೆನ್ಸರ್ ಬದಲಿಸಬೇಕು. ಬೇಸರದ ಸಂಗತಿಯೆಂದರೆ ಈಗ ಸಿಗುವ ಹೊಸ ಕಂಡೆನ್ಸರ್‌ಗಳೆಲ್ಲವೂ ಹಳೆಯದಕ್ಕಿಂತ ಮೇಲೆಂದು ಹೇಳುವಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರುವಾಗ ಒಂದರ ಬದಲು ಎರಡನ್ನು ಕೊಂಡು, ಎರಡನ್ನೂ ಓಡಿಸಿ ನೋಡಿ, ಚೆನ್ನಾಗಿರುವುದನ್ನು ಡಿಕ್ಕಿಯಲ್ಲಿಡುವುದು ಬುದ್ಧಿವಂತಿಕೆ. ಡಿಸ್ಟ್ರಿಬ್ಯೂಟರ್‌ನ ಒಳಗೆ ಕೂರುವ ಕಂಡೆನ್ಸರನ್ನು ಹೊರಗೆ ಕಾಯಿಲ್‌ನ ಬ್ರಾಕೆಟ್ ಬಳಿ ಜೋಡಿಸಿ, ಅದರ ವಯರನ್ನು ಪಾಯಿಂಟ್ ಕಡೆಯ ಟರ್ಮಿನಲ್‌ಗೆ ಕೊಟ್ಟರೂ ಕೆಲಸ ನಡೆಯುತ್ತದೆ. ಅಲ್ಲಿ ಶಾಖವೂ ಕಡಿಮೆ.

ಡಿಸ್ಟ್ರಿಬ್ಯೂಟರ್‌ನ ಒಳಗೆ ಇನ್ನೇನು ನೋಡಬೇಕು?

ಪಾಯಿಂಟ್ ಗ್ಯಾಪ್ ಮೊದಲು. ಲುಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಅದು 0.014ರಿಂದ 0.016 ಇಂಚು, ಅಂದರೆ 0.35ರಿಂದ 0.40 ಮಿ.ಮೀ. ಇರಬೇಕು. ಪಾಯಿಂಟ್‌ನ ಹಿಮ್ಮಡಿ (ಶಾಫ್ಟಿನ ಮೇಲೆ ಉಜ್ಜುವ ಭಾಗ) ಸವೆದಂತೆ ಗ್ಯಾಪ್ ಕಡಿಮೆಯಾಗಿ, ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬೀಳುತ್ತದೆ; ಟೈಮಿಂಗ್ ಹಿಂದೆ ಬಿದ್ದರೆ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಶಾಫ್ಟನ್ನು ಪಕ್ಕಕ್ಕೆ ಅಲುಗಾಡಿಸಿದಾಗ ಆಟ ಕಂಡರೆ ಬುಶ್ ಸವೆದಿದೆ. ಆಗ ಗ್ಯಾಪ್ ಎಷ್ಟು ಸಲ ಹಿಡಿದರೂ ನಿಲ್ಲುವುದಿಲ್ಲ. ಬೇಸ್ ಪ್ಲೇಟ್‌ನ ಅರ್ತ್ ವಯರ್ ಮತ್ತು ಪಾಯಿಂಟ್‌ಗೆ ಬರುವ ಸಣ್ಣ ವಯರ್‌ಗಳನ್ನು ಬೆರಳಿನಿಂದ ಬಾಗಿಸಿ ನೋಡಬೇಕು, ಏಕೆಂದರೆ ವ್ಯಾಕ್ಯೂಮ್ ಅಡ್ವಾನ್ಸ್‌ನೊಂದಿಗೆ (ಎಂಜಿನ್‌ನ ಹೀರುವಿಕೆಯಿಂದ ಟೈಮಿಂಗ್ ಬದಲಿಸುವ ಏರ್ಪಾಡು) ದಿನವಿಡೀ ಬಾಗುವ ಇವುಗಳ ಒಳ ಎಳೆಗಳು ಹೊರಗೆ ಕಾಣದಂತೆ ತುಂಡಾಗಿರುತ್ತವೆ.

ರೋಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಿತ್ತಾಳೆಯ ಪಟ್ಟಿಯನ್ನು ರಿವೆಟ್‌ನಿಂದ ಕೂರಿಸಿರುವ ಕೆಲವು ರೋಟರ್‌ಗಳಲ್ಲಿ ರಿವೆಟ್‌ನ ತುದಿಗೂ ಕೆಳಗಿನ ಶಾಫ್ಟಿಗೂ ನಡುವೆ ಇರುವ ಪ್ಲಾಸ್ಟಿಕ್ ಬಹಳ ತೆಳ್ಳಗಿದ್ದು, ಬಿಸಿಯಾದಾಗ ಕಿಡಿ ಪ್ಲಗ್‌ಗೆ ಹೋಗುವ ಬದಲು ಅಲ್ಲಿಂದಲೇ ಶಾಫ್ಟಿಗೆ ಇಳಿದುಬಿಡುತ್ತದೆ. ಮೇನ್ ವಯರ್‌ನಲ್ಲಿ ಕಿಡಿ ಬಲವಾಗಿದ್ದು ಪ್ಲಗ್ ವಯರ್‌ನಲ್ಲಿ ಇಲ್ಲವೆಂದರೆ ಮೊದಲ ಅನುಮಾನ ಇದರ ಮೇಲೆ. ಎರಡನೆಯದು ಕ್ಯಾಪ್‌ನ ಒಳಗೆ ಪೆನ್ಸಿಲ್ ಗೆರೆಯಂತೆ ಕಾಣುವ ಕಾರ್ಬನ್ ಜಾಡು ಅಥವಾ ಸವೆದ ಕಾರ್ಬನ್ ಬ್ರಶ್ ಮೇಲೆ.

ಘಾಟಿ ಹತ್ತಿ ಮೇಲೆ ನಿಂತಾಗ ಗಾಡಿ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲ್ ಆವಿಯಾಗುತ್ತದೆ ಎನ್ನುವುದು ಇದನ್ನೇಯೇ?

ಇದನ್ನೇ, ಆದರೆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಹೋಗಿವೆ, ಮತ್ತು ಅವೆರಡಕ್ಕೂ ಪರಿಹಾರ ಒಂದಕ್ಕೊಂದು ವಿರುದ್ಧ.

ಮೊದಲನೆಯದು ಪೆಟ್ರೋಲ್ ಬಾರದಿರುವುದು. ಪಂಪು ಎಂಜಿನ್ ಬ್ಲಾಕಿಗೇ ಬೋಲ್ಟ್ ಆಗಿದ್ದು, ಹಿಂದಿನ ಟ್ಯಾಂಕ್‌ನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವ ಕಡೆಯ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ; ಒತ್ತಡ ಕಡಿಮೆಯಾದಲ್ಲಿ ದ್ರವ ಬೇಗ ಕುದಿಯುತ್ತದೆ; ಪೆಟ್ರೋಲಿನ ಹಗುರ ಭಾಗಗಳಂತೂ 40 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಲಾರಿಯ ಹಿಂದೆ ಎರಡನೇ ಗೇರಿನಲ್ಲಿ ಹತ್ತುವಾಗ ಗಾಳಿಯ ಓಟ ಕಡಿಮೆ, ಎಂಜಿನ್‌ನ ಶ್ರಮ ಹೆಚ್ಚು. ಆವಿಯ ಗುಳ್ಳೆ ಪಂಪಿನೊಳಗೆ ಸೇರಿದರೆ ಡಯಾಫ್ರಮ್ ಗುಳ್ಳೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತಿರುತ್ತದೆಯೇ ಹೊರತು ಪೆಟ್ರೋಲನ್ನು ತಳ್ಳುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಐದು ನಿಮಿಷ ಬಿಟ್ಟು ಸ್ಟಾರ್ಟ್ ಆದರೆ ಕಾರಣ ಇದೇ. ಬಟ್ಟೆ ಹಾಕುವುದು ಪಂಪಿಗೆ ಮಾತ್ರ. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ನೀರು ಸುರಿದರೆ ಬೀಡು ಬಿರುಕು ಬಿಡುತ್ತದೆ.

ಎರಡನೆಯದು ಪೆಟ್ರೋಲ್ ಹೆಚ್ಚಾಗುವುದು. ಎಂಜಿನ್ ಆಫ್ ಮಾಡಿದೊಡನೆ ಫ್ಯಾನ್ ಮತ್ತು ನೀರಿನ ಪಂಪು ನಿಲ್ಲುವುದರಿಂದ ಬಾನೆಟ್‌ನ ಕೆಳಗಿನ ಶಾಖ ಇಳಿಯುವ ಬದಲು ಮೊದಲ ಕೆಲವು ನಿಮಿಷ ಏರುತ್ತದೆ. ಅಂಬಾಸಿಡರ್‌ನ ಬಿ ಸರಣಿಯ ಎಂಜಿನ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ. ಕಾರ್ಬುರೇಟರ್‌ಗೆ ಎಕ್ಸಾಸ್ಟ್‌ನ ಕಾವು ನೇರವಾಗಿ ತಟ್ಟುತ್ತದೆ. ಫ್ಲೋಟ್ ಚೇಂಬರ್‌ನಲ್ಲಿ ಕುದಿದ ಪೆಟ್ರೋಲ್ ಜೆಟ್‌ಗಳ (ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ರಂಧ್ರಗಳ) ಮೂಲಕ ಉಕ್ಕಿ ಮ್ಯಾನಿಫೋಲ್ಡ್‌ಗೆ ಸುರಿದು, ಪ್ಲಗ್‌ಗಳು ನೆನೆಯುತ್ತವೆ. ಚಹಾ ಕುಡಿಯಲು ಹತ್ತು ನಿಮಿಷ ನಿಲ್ಲಿಸಿದಾಗ ಆಗುವುದು ಹೆಚ್ಚಾಗಿ ಇದು. ಆಗ ಆಕ್ಸಿಲರೇಟರನ್ನು ಪದೇ ಪದೇ ಒತ್ತಬಾರದು, ಚೋಕ್ ಎಳೆಯಲೇಬಾರದು. ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದು, ಎಂಜಿನ್ ಹತ್ತಿಕೊಳ್ಳುವವರೆಗೂ ಅಲ್ಲೇ ಇಟ್ಟು ಸೆಲ್ಫ್ ಹೊಡೆಯಬೇಕು. ನಿಲ್ಲಿಸಿದ ಮೇಲೆ ಬಾನೆಟ್ ಎತ್ತಿಡುವ ಹಳೆಯ ಟ್ಯಾಕ್ಸಿ ಚಾಲಕರ ಅಭ್ಯಾಸಕ್ಕೆ ಅರ್ಥವಿದೆ.

ಶಾಶ್ವತ ಪರಿಹಾರಕ್ಕಾಗಿ ಕಾರ್ಬುರೇಟರ್‌ನ ಕೆಳಗೆ ಇರಬೇಕಾದ ದಪ್ಪ ಫೈಬರ್ ಪ್ಯಾಕಿಂಗ್ ಮತ್ತು ಶಾಖ ತಡೆಯುವ ತಗಡು ಇವೆಯೇ ಎಂದು ಮೊದಲು ನೋಡಬೇಕು. ಹಿಂದಿನ ಯಾವುದೋ ಓವರ್‌ಹಾಲಿಂಗ್‌ನಲ್ಲಿ ಬಿಚ್ಚಿದ್ದು ಮತ್ತೆ ಕೂರಿಸದೇ ಹೋಗಿರುವುದು ಬಹಳ ಸಾಮಾನ್ಯ. ಮಧ್ಯದಲ್ಲಿ ಯಾರೋ ಸೇರಿಸಿದ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್ ಎಕ್ಸಾಸ್ಟ್ ಬಳಿ ನೇತಾಡುತ್ತಿದ್ದರೆ ಅದನ್ನು ತಣ್ಣನೆಯ ಜಾಗಕ್ಕೆ ಸರಿಸಬೇಕು, ಪೈಪನ್ನು ಮ್ಯಾನಿಫೋಲ್ಡ್‌ನಿಂದ ದೂರ ಕಟ್ಟಬೇಕು. ಟ್ಯಾಂಕ್ ಬಳಿ ಎಲೆಕ್ಟ್ರಿಕ್ ಪಂಪು ಹಾಕಿದರೆ ಪೈಪಿನಲ್ಲಿ ಹೀರುವಿಕೆಯ ಬದಲು ಒತ್ತಡವಿರುವುದರಿಂದ ಗುಳ್ಳೆಯ ಕಾಟ ಬಹುತೇಕ ತಪ್ಪುತ್ತದೆ. ಆದರೆ ಈ ಕಾರ್ಬುರೇಟರ್‌ಗಳಿಗೆ ಸುಮಾರು 3 ಪಿಎಸ್‌ಐ ಒತ್ತಡ ಸಾಕು. ಫ್ಯುಯೆಲ್ ಇಂಜೆಕ್ಷನ್ ಕಾರಿನ ಪಂಪನ್ನು ಹಾಕಿದರೆ ಫ್ಲೋಟ್ ಚೇಂಬರ್‌ನ ಬಾಯಿ ಮುಚ್ಚುವ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕಿ ಬೆಂಕಿಗೆ ದಾರಿಯಾಗುತ್ತದೆ. ಅಪಘಾತವಾದಾಗ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಇಲ್ಲದೆ ಅದನ್ನು ಅಳವಡಿಸುವುದನ್ನು ನಾನು ಒಪ್ಪುವುದಿಲ್ಲ.

ಇ20 ಪೆಟ್ರೋಲ್ ಬಂದ ಮೇಲೆ ತೊಂದರೆ ಹೆಚ್ಚಾಗಿದೆ ಎನ್ನುವುದು ನಿಜವೇ?

ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಈ ಕಾರುಗಳ ಜೆಟ್‌ಗಳನ್ನು ನಿಗದಿಪಡಿಸಿದ್ದು ಎಥನಾಲ್ ಇಲ್ಲದ ಪೆಟ್ರೋಲಿಗೆ. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಎಥನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಇ20ಗೆ ಸುಮಾರು 13.5 ಭಾಗ ಸಾಕು. ಅಂದರೆ ಅದೇ ಜೆಟ್‌ನಿಂದ ಅಷ್ಟೇ ಪೆಟ್ರೋಲ್ ಹೋದರೂ ಮಿಶ್ರಣ ಶೇ. 8ರಷ್ಟು ತೆಳುವಾಗುತ್ತದೆ. ಮೊದಲೇ ಸ್ವಲ್ಪ ಗಾಳಿ ಎಳೆಯುತ್ತಿದ್ದ, ಹೇಗೋ ಓಡುತ್ತಿದ್ದ ಎಂಜಿನ್, ಬಿಸಿಯಾಗಿ ಚೋಕ್ ಹಿಂದಕ್ಕೆ ಹೋದೊಡನೆ ಐಡ್ಲಿಂಗ್‌ನಲ್ಲಿ ನಡುಗಲು ಇಷ್ಟು ಸಾಕು. ಎಥನಾಲ್ ತಾನಾಗಿ 78 ಡಿಗ್ರಿಯಲ್ಲಿ ಕುದಿಯುವ ದ್ರವವಾದರೂ ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣದ ಆವಿಯ ಒತ್ತಡವನ್ನು ಏರಿಸುತ್ತದೆ ಎಂಬುದೂ ಗಮನಾರ್ಹ.

ಮಾಡಬೇಕಾದ ಸರಿಪಡಿಕೆ ದೊಡ್ಡದಲ್ಲ. ಸೋಲೆಕ್ಸ್ ಜೆಟ್‌ನ ಮೇಲಿರುವ ಸಂಖ್ಯೆ ಅದರ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 115ರ ಜೆಟ್ ಬದಲು 120 ಹಾಕಿದರೆ ರಂಧ್ರದ ವಿಸ್ತೀರ್ಣ ಸುಮಾರು ಶೇ. 9ರಷ್ಟು ಹೆಚ್ಚಾಗುವುದರಿಂದ ಲೆಕ್ಕ ಬಹುತೇಕ ಸರಿದೂಗುತ್ತದೆ. ನಿಮ್ಮ ಕಾರಿನ ಜೆಟ್ ಯಾವುದೋ ಅದರ ಮುಂದಿನ ಅಳತೆಯನ್ನು ಇದೇ ರೀತಿ ಲೆಕ್ಕಹಾಕಬಹುದು. ಎಸ್‌ಯು ಎಂಬ ಇನ್ನೊಂದು ಬಗೆಯ ಕಾರ್ಬುರೇಟರ್‌ನಲ್ಲಿ ಜೆಟ್‌ನ ನಟ್ಟನ್ನು ಕೆಳಕ್ಕೆ ಇಳಿಸಿದರೆ ಮಿಶ್ರಣ ದಪ್ಪವಾಗುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಾಳಿಕೊಳ್ಳುವ ಪೈಪುಗಳಿಗೆ ಬದಲಿಸುವುದನ್ನು ಮಾತ್ರ ಮುಂದೂಡಬಾರದು, ಏಕೆಂದರೆ ಒಳಪದರ ಮೆತ್ತಗಾಗಿ ಉದುರಿದ ಚೂರುಗಳು ಜೆಟ್‌ಗೆ ಸಿಕ್ಕಿಕೊಳ್ಳುತ್ತವೆ, ಬಿರಿದ ಪೈಪಿನಿಂದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುತ್ತದೆ.

ಎಂಜಿನ್ ಸರಿಯಾಗಿ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅರ್ಧ ಗಂಟೆ ಓಡುತ್ತದೆ. ಕಾಯಿಲ್ ಬದಲಿಸಿಯಾಯಿತು.

ಪೆಟ್ರೋಲ್ ಟ್ಯಾಂಕ್‌ನ ಮುಚ್ಚಳ ತೆಗೆದು ನೋಡಿರಿ. ಗಾಡಿ ನಿಂತ ಕೂಡಲೇ ತೆಗೆದಾಗ ಸುಸ್ ಎಂದು ಗಾಳಿ ಒಳಗೆ ನುಗ್ಗಿದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಶಾಖಕ್ಕೂ ಇದಕ್ಕೂ ಸಂಬಂಧವಿಲ್ಲ, ಸಮಯ ಮಾತ್ರ ಹೊಂದಿಕೊಂಡಿರುತ್ತದೆ.

ಗಾಳಿ ಎಳೆಯುತ್ತಿದೆ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು?

ಸಿಗ್ನಲ್‌ನಲ್ಲಿ ಎಂಜಿನ್ ನಡುಗಿ, ವೇಗ ಹೆಚ್ಚಿಸಿದಾಗ ಸರಿಹೋಗುವುದು ಇದರ ಲಕ್ಷಣ. ಐಡ್ಲಿಂಗ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆಯಿರುವುದರಿಂದ ಸಣ್ಣ ಸೋರಿಕೆಯ ಪಾಲು ದೊಡ್ಡದಾಗುತ್ತದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಚೋಕನ್ನು ಅರ್ಧ ಇಂಚು ಎಳೆಯಿರಿ. ನಡುಕ ಕಡಿಮೆಯಾದರೆ ಮಿಶ್ರಣ ತೆಳುವಿದೆ. ಆಮೇಲೆ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್, ಕಾರ್ಬುರೇಟರ್‌ನ ಕೆಳಗಿನ ಪ್ಯಾಕಿಂಗ್, ಸವೆದ ಥ್ರಾಟಲ್ ಸ್ಪಿಂಡಲ್, ವ್ಯಾಕ್ಯೂಮ್ ಅಡ್ವಾನ್ಸ್‌ನ ಪೈಪು ಇವುಗಳನ್ನು ಒಂದೊಂದಾಗಿ ನೋಡಬೇಕು. ಅಡ್ವಾನ್ಸ್‌ನ ಪೈಪನ್ನು ಬಾಯಿಂದ ಹೀರಿ ನಾಲಿಗೆಯಿಂದ ಮುಚ್ಚಿದಾಗ ಹಿಡಿತ ನಿಲ್ಲದಿದ್ದರೆ ಡಯಾಫ್ರಮ್ ಹರಿದಿದೆ. ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸುವ ಅಭ್ಯಾಸ ಅಪಾಯಕಾರಿ. ಸೋಪಿನ ನೀರನ್ನು ಬ್ರಶ್‌ನಿಂದ ಹಚ್ಚಿದರೂ ಅದು ಒಳಗೆ ಎಳೆದುಕೊಂಡು ಎಂಜಿನ್‌ನ ಸದ್ದು ಬದಲಾಗುವುದು ಕೇಳಿಸುತ್ತದೆ.

ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಇಂಚು ಪಾದರಸವನ್ನು ಅಲುಗಾಡದೆ ತೋರಿಸುತ್ತದೆ. ಪ್ರತಿ ಸಾವಿರ ಅಡಿಗೆ ಒಂದು ಇಂಚಿನಷ್ಟು ಇಳಿಯುವುದರಿಂದ, 900 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ 15 ಇಂಚು ಕಂಡರೆ ಅದು ಮಂಗಳೂರಿನ 18ಕ್ಕೆ ಸಮ. ವಿದೇಶದ ಕೈಪಿಡಿಗಳನ್ನು ಓದಿ ಇಲ್ಲಿ ಗೇಜ್ ಹಾಕಿದವರು ಇಲ್ಲದ ಸೋರಿಕೆಯನ್ನು ಹುಡುಕುವುದು ಈ ಕಾರಣಕ್ಕೇ. ಮುಳ್ಳು ಒಂದೇ ಲಯದಲ್ಲಿ ಮತ್ತೆ ಮತ್ತೆ ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಟ್ಯಾಪೆಟ್ ಶಬ್ದವೇ ಇಲ್ಲ, ಎಂಜಿನ್ ಬಹಳ ಮೆತ್ತಗಿದೆ. ಹಾಗಿದ್ದೂ ಬಿಸಿಯಲ್ಲಿ ಏಕೆ ನಡುಗುತ್ತದೆ?

ಶಬ್ದವಿಲ್ಲದಿರುವುದೇ ಇಲ್ಲಿ ಅನುಮಾನಕ್ಕೆ ಕಾರಣ. ಟ್ಯಾಪೆಟ್ ಶಬ್ದ ಬರುವುದು ವಾಲ್ವ್‌ಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದಿನಿಂದ. ಆ ಸಂದು ತೀರ ಕಡಿಮೆಯಿದ್ದರೆ ಎಕ್ಸಾಸ್ಟ್ ವಾಲ್ವ್ ಕಾದು ಉದ್ದವಾದಾಗ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪ್ರೆಶನ್ ಸೋರಿ ಐಡ್ಲಿಂಗ್ ಕೆಡುತ್ತದೆ, ಹಾಗೇ ಬಿಟ್ಟರೆ ವಾಲ್ವ್‌ನ ಅಂಚು ಸುಡುತ್ತದೆ. ದೇಶದಾದ್ಯಂತ 2000ದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆ, ಬೀಡಿನ ಹೆಡ್‌ನಲ್ಲೇ ಕೊರೆದ ಹಳೆಯ ವಾಲ್ವ್ ಸೀಟುಗಳು ನಿಧಾನವಾಗಿ ಸವೆದು ವಾಲ್ವ್ ಒಳಕ್ಕೆ ಇಳಿಯುತ್ತ ಹೋಗುವುದರಿಂದ ಸಂದು ತಾನಾಗಿಯೇ ಕಡಿಮೆಯಾಗುವ ಸಂಭವವಿದೆ. ಹೀಗಾಗಿ ಹಿಂದಿನ ವರ್ಷ ಹಿಡಿಸಿದ್ದೇನೆ ಎಂಬ ಸಮಾಧಾನ ಸಲ್ಲದು.

ಬಿ ಸರಣಿಯ 1489 ಸಿಸಿ ಎಂಜಿನ್‌ಗೆ ಸಾಮಾನ್ಯ ಅಳತೆ 0.015 ಇಂಚು, ಅಂದರೆ 0.38 ಮಿ.ಮೀ. ಪದ್ಮಿನಿಗೆ ಅದರ ಕೈಪಿಡಿಯಲ್ಲಿರುವ ಅಳತೆಯನ್ನೇ ಬಳಸಬೇಕು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಬಾರದು. ಅಂಬಾಸಿಡರ್‌ನಲ್ಲಿ ಯಾವ ವಾಲ್ವ್ ಯಾವಾಗ ಹಿಡಿಯಬೇಕೆಂಬುದಕ್ಕೆ ಒಂದು ಸೊಗಸಾದ ಲೆಕ್ಕವಿದೆ. ಮುಂದಿನಿಂದ 1ರಿಂದ 8ರವರೆಗೆ ಎಣಿಸಿಕೊಂಡು, ಎಂಜಿನ್ ತಿರುಗಿಸುತ್ತ ಪೂರ್ತಿ ಕೆಳಗೆ ಒತ್ತಿಕೊಂಡಿರುವ ವಾಲ್ವ್‌ನ ಸಂಖ್ಯೆಯನ್ನು 9ರಿಂದ ಕಳೆಯಬೇಕು. ಉಳಿದ ಸಂಖ್ಯೆಯ ವಾಲ್ವ್ ಆಗ ಪೂರ್ತಿ ಸಡಿಲವಾಗಿರುತ್ತದೆ. 8 ಒತ್ತಿಕೊಂಡಿದ್ದರೆ 1, 6 ಒತ್ತಿಕೊಂಡಿದ್ದರೆ 3. ಫೀಲರ್ ಗೇಜ್ ತುಸು ಬಿಗಿಯಾಗಿ ಜಾರಿದರೆ ಸಾಕು. ರಾಕರ್‌ನ ಮುಖ ಗುಳಿಬಿದ್ದಿದ್ದರೆ ಗೇಜ್ ಆ ಗುಳಿಯ ಮೇಲೆ ಸೇತುವೆಯಂತೆ ನಿಂತು ತಪ್ಪು ಅಳತೆ ಕೊಡುತ್ತದೆ.

ಒಂದೇ ಸಿಲಿಂಡರ್ ಮಿಸ್ ಆಗುತ್ತಿದೆ ಎನಿಸುತ್ತದೆ. ಯಾವುದೆಂದು ಪತ್ತೆಹಚ್ಚುವುದು ಹೇಗೆ?

ಪಾಯಿಂಟ್ ಇಗ್ನಿಷನ್ ಇರುವ ಕಾರಿನಲ್ಲಿ, ಐಡ್ಲಿಂಗ್‌ನಲ್ಲಿರುವಾಗ ಇನ್ಸುಲೇಟೆಡ್ ಪ್ಲೇಯರ್‌ನಿಂದ ಪ್ಲಗ್ ವಯರ್‌ಗಳನ್ನು ಒಂದೊಂದಾಗಿ ಬಿಡಿಸಿದಾಗ, ಯಾವುದನ್ನು ಬಿಡಿಸಿದರೂ ಎಂಜಿನ್‌ನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರ್‌ಗೆ ಹಾಕಿ. ದೋಷ ಪ್ಲಗ್‌ನ ಜೊತೆಗೆ ಹೋದರೆ ಪ್ಲಗ್ ಬದಲಿಸಿದರಾಯಿತು. ಅಲ್ಲೇ ಉಳಿದರೆ ವಯರ್ ಬದಲಿಸಿ ನೋಡಿ. ಆಗಲೂ ಉಳಿದರೆ ಎಂಜಿನ್ ಬಿಸಿಯಿರುವಾಗಲೇ, ನಾಲ್ಕೂ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಕಂಪ್ರೆಶನ್ ಅಳೆಯಬೇಕು. ಸಿಲಿಂಡರ್‌ಗಳ ನಡುವೆ ಶೇ. 10ರಿಂದ 15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಳಗಿನ ದೋಷ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೆ ಕಡಿಮೆ ತೋರಿದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಪದ್ಮಿನಿಯ ಹೆಡ್ ಅಲ್ಯುಮಿನಿಯಂನದಾದ್ದರಿಂದ ಒಮ್ಮೆ ಜೋರಾಗಿ ಕುದಿದಿದ್ದರೆ ಡೊಂಕಾಗಿದೆಯೇ ಎಂದು ಪಟ್ಟಿಯಿಟ್ಟು ನೋಡದೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ.

ಪ್ಲಗ್ ಬದಲಿಸುವಾಗ ಹೀಟ್ ನಂಬರ್ ಬದಲಿಸಬೇಕೇ?

ಪ್ಲಗ್‌ನ ತುದಿ ಎಷ್ಟು ಬಿಸಿಯಾಗಿರುತ್ತದೆ ಎಂಬುದನ್ನು ಹೀಟ್ ನಂಬರ್ ಹೇಳುತ್ತದೆ. ಕಾರಿಗೆ ಹೇಳಿದ್ದನ್ನೇ ಹಾಕುವುದು ಸರಿ. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಮೈಕೋ ಪ್ಲಗ್‌ಗಳ ಕಾಲದಲ್ಲಿ ಈ ಗೊಂದಲವಿರಲಿಲ್ಲ; ಈಗ ಬೇರೆ ಬೇರೆ ಕಂಪನಿಗಳ ಪ್ಲಗ್ ಸಿಗುವುದರಿಂದ ಎಚ್ಚರ ಬೇಕು. ಬಾಷ್‌ನ ಇಂದಿನ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಂತೆ ಪ್ಲಗ್ ಬಿಸಿ, ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಂತೆ ತಂಪು. ಕೆಲಸ ಮಾಡಿದ ಪ್ಲಗ್‌ನ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳು ಅಥವಾ ಟೈಮಿಂಗ್ ತಪ್ಪು. ಮಸಿ ಹಿಡಿದಿದ್ದರೆ ದಪ್ಪ.

ಟೆಂಪರೇಚರ್ ಮುಳ್ಳು ಸರಿಯಾಗಿದೆ. ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಒಳ್ಳೆಯದೆಂದು ಮೆಕ್ಯಾನಿಕ್ ಹೇಳುತ್ತಾರೆ.

ಇದಕ್ಕೆ ನನ್ನ ಉತ್ತರ ಬೇಡವೆಂದೇ. ಸುಮಾರು 80 ಡಿಗ್ರಿಯಲ್ಲಿ ತೆರೆಯುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಹೆದ್ದಾರಿಯಲ್ಲಿ ಎಂಜಿನ್ ಅತಿಯಾಗಿ ತಣಿದು ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಪಟ್ಟಣದಲ್ಲಿ ಕುದಿಯುವ ಎಂಜಿನ್ ಮಾತ್ರ ಆಗಲೂ ಕುದಿಯುತ್ತದೆ, ಏಕೆಂದರೆ ಕಟ್ಟಿಕೊಂಡ ರೇಡಿಯೇಟರ್ ಕಟ್ಟಿಕೊಂಡೇ ಇರುತ್ತದೆ. ಮುಳ್ಳು ನೀರಿನ ಬಿಸಿಯನ್ನು ತೋರಿಸುತ್ತದೆಯೇ ಹೊರತು ಪೆಟ್ರೋಲ್ ಪಂಪಿನದನ್ನಲ್ಲ. ಮುಳ್ಳು ಮಧ್ಯದಲ್ಲಿದ್ದು ಪೆಟ್ರೋಲ್ ಆವಿಯಾಗುವುದು ಪೂರ್ತಿ ಸಾಧ್ಯ.

ಎಸ್‌ಯು ಕಾರ್ಬುರೇಟರ್‌ನಲ್ಲಿ ಬಿಸಿಗೆ ಸಂಬಂಧಿಸಿದ ವಿಶೇಷ ದೋಷವೇನಾದರೂ ಇದೆಯೇ?

ಅದರೊಳಗೆ ಗಾಳಿಯ ಹರಿವಿಗೆ ತಕ್ಕಂತೆ ಮೇಲೇರಿ ಇಳಿಯುವ ಪಿಸ್ಟನ್ ಬಿಸಿಯಲ್ಲಿ ಹಿಡಿದುಕೊಳ್ಳಬಹುದು. ಏರ್ ಫಿಲ್ಟರ್ ತೆಗೆದು ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ಟಕ್ ಎಂಬ ಶಬ್ದದೊಂದಿಗೆ ಕೆಳಗೆ ಕೂರಬೇಕು. ಪಿಸ್ಟನ್‌ನ ಏರಿಕೆಯನ್ನು ನಿಧಾನಿಸುವ ಡ್ಯಾಂಪರ್‌ನಲ್ಲಿ ಎಣ್ಣೆ ಇಲ್ಲದಿದ್ದರೆ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸುತ್ತದೆ. ತೆಳುವಾದ ಎಂಜಿನ್ ಆಯಿಲ್ ಹಾಕಿದರೆ ಸಾಕು, ಗ್ರೀಸ್ ಬೇಡ.

ಸ್ವಿಚ್ ಆಫ್ ಮಾಡಿದರೂ ಎಂಜಿನ್ ಕುಲುಕುತ್ತ ಓಡುತ್ತಲೇ ಇರುತ್ತದೆ.

ಸಿಲಿಂಡರ್‌ನೊಳಗೆ ಕೆಂಡದಂತೆ ಕಾದಿರುವ ಕಾರ್ಬನ್ನೋ ತಪ್ಪು ನಂಬರಿನ ಪ್ಲಗ್ಗೋ ಕಿಡಿಯ ಕೆಲಸ ಮಾಡುತ್ತಿದೆ. ಐಡ್ಲಿಂಗ್ ವೇಗ ಅಗತ್ಯಕ್ಕಿಂತ ಹೆಚ್ಚಿದ್ದರೆ ಮೊದಲು ಅದನ್ನು ಇಳಿಸಿ. ತಕ್ಷಣಕ್ಕೆ ಬ್ರೇಕ್ ಹಿಡಿದು ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ನಿಲ್ಲುತ್ತದೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಈ ಎಲ್ಲ ತಲೆನೋವು ತಪ್ಪುವುದೇ?

ಪಾಯಿಂಟ್ ಮತ್ತು ಕಂಡೆನ್ಸರ್‌ನದು ತಪ್ಪುತ್ತದೆ. ಕಾಯಿಲ್, ರೋಟರ್, ಪೆಟ್ರೋಲ್, ವಾಲ್ವ್‌ಗಳದು ಉಳಿಯುತ್ತದೆ. ಪಾಯಿಂಟ್‌ನ ಜಾಗಕ್ಕೆ ಬರುವ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೂ ಶಾಖದ ಭಯವಿದೆ, ಕಡಿಮೆ ಓಮ್‌ನ ಕಾಯಿಲ್ ಜೋಡಿಸಿದರೆ ಬೇಗ ಸುಡುತ್ತದೆ. ಹಾಕಿಸುವವರು ತೆಗೆದ ಪಾಯಿಂಟ್ ಪ್ಲೇಟನ್ನು ಗ್ಯಾಪ್ ಹಿಡಿದ ಸ್ಥಿತಿಯಲ್ಲೇ ಡಿಕ್ಕಿಯಲ್ಲಿಟ್ಟುಕೊಂಡರೆ, ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟಾಗ ಮೂಡಿಗೆರೆಯಲ್ಲಾದರೂ ಸಕಲೇಶಪುರದಲ್ಲಾದರೂ ಸ್ಕ್ರೂ ಡ್ರೈವರ್ ಇರುವ ಯಾರು ಬೇಕಾದರೂ ಅದನ್ನು ಮರಳಿ ಜೋಡಿಸಿ ಕೊಡುತ್ತಾರೆ.

ದೂರದ ಪ್ರಯಾಣಕ್ಕೆ ಯಾವ ಬಿಡಿಭಾಗಗಳನ್ನು ಜೊತೆಗಿಡಬೇಕು?

ಓಡಿಸಿ ನೋಡಿದ ಕಾಯಿಲ್, ಕಂಡೆನ್ಸರ್, ರೋಟರ್ ಮತ್ತು ಪಾಯಿಂಟ್ ಸೆಟ್, ಎರಡು ಪ್ಲಗ್, ಪಂಪಿನ ಡಯಾಫ್ರಮ್ ಕಿಟ್, ಒಂದು ಮೀಟರ್ ಪೆಟ್ರೋಲ್ ಪೈಪು ಮತ್ತು ಕ್ಲಿಪ್‌ಗಳು, ಫೀಲರ್ ಗೇಜ್, ಇನ್ಸುಲೇಟೆಡ್ ಪ್ಲೇಯರ್, ಐದು ಲೀಟರ್ ನೀರು, ಒಂದು ಹತ್ತಿ ಬಟ್ಟೆ. ಬೆಂಕಿ ಆರಿಸುವ ಸಣ್ಣ ಸಿಲಿಂಡರನ್ನು ಡಿಕ್ಕಿಯಲ್ಲಿ ಇಡದೆ ಚಾಲಕನ ಸೀಟಿನ ಕೆಳಗೆ, ಕೈಗೆ ಸಿಗುವಲ್ಲಿ ಇಡಬೇಕು.